ಗತವೈಭವವೂ ದಾಸಕೂಟವೂ

ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿ ಪ್ರಕಟವಾದಾಗ ಕನ್ನಡ ನಾಡು ಮುಂಬಯಿ, ಮದರಾಸು ಪ್ರಾಂತಗಳಲ್ಲಿಯೂ ಮೈಸೂರು, ಹೈದರಾಬಾದು ಸಂಸ್ಥಾನಗಳಲ್ಲಿಯೂ ಕೊಡಗಿನಲ್ಲಿಯೂ ಹರಿದು ಹಂಚಿಹೋಗಿದ್ದಿತು. ಗಡಿಗಳ ಆಚೆ ಈಚೆಯವರನ್ನು ಕೂಡಿಸುವುದಕ್ಕೆ ಗ್ರಂಥಕಾರರು ಹಿಡಿದ ಸಾಧನವು ರಾಜವಂಶಗಳ ಕೀರ್ತಿ. ಪೂರ್ವವೈಭವದ ಸ್ಮರಣೆಯಿಂದ ಅಭಿಮಾನವೂ ಅಭಿಮಾನದಿಂದ ಐಕ್ಯವೂ ಹುಟ್ಟುವುವೆಂಬುದೇ ಆ ಗ್ರಂಥದ ಹೃದಯ. ಈ ಸಾಧನವು ಸಾಧ್ಯಕ್ಕೆ ಸಾಲುವುದೇ ಎಂಬುದು ವಿಚಾರಣೀಯವಾಗಿದೆ.

ಗ್ರಂಥದ ಫಲವನ್ನು ಅಲ್ಲಗಳೆಯಲಾಗದು. ಮಲಗಿದ್ದ ನಾಡನ್ನು ಅದು ಎಬ್ಬಿಸಿತು. ಆದರೆ ಅದರ ವಾದವನ್ನು ರಾಯಚೂರಿನ ದೋಆಬದಲ್ಲಿಟ್ಟು ಪರೀಕ್ಷಿಸಬೇಕು. ವಿಜಯನಗರದವರೂ ಬಹಮನಿಯವರೂ ಅನಂತರ ಬಿಜಾಪುರದವರೂ ಹೋರಾಡಿದ ನೆಲವಿದು. 1520ರ ರಾಯಚೂರಿನ ಯುದ್ಧದಲ್ಲಿ ಕೃಷ್ಣದೇವರಾಯನಿಗೆ ಜಯವು ದೊರೆತುದು ನಿಜ. ಆದರೆ ಒಬ್ಬನ ಜಯಸ್ತಂಭವು ಮತ್ತೊಬ್ಬನ ಪರಾಭವದ ಗುರುತಷ್ಟೆ. ಹೀಗೆ ರಾಜಕೀರ್ತಿಯೇ ವಿವಾದದ ವಸ್ತುವಾದ ಸೀಮೆಯಲ್ಲಿ ಅದು ಮೈತ್ರಿಯ ಮೂಲವಾಗುವುದು ಹೇಗೆ?

ಉತ್ತರವು ಅದೇ ಸೀಮೆಯಲ್ಲಿದೆ. ಬಾಗಲವಾಡವನ್ನೊಳಗೊಂಡ ಮಾನ್ವಿ-ದೇವದುರ್ಗದ ಪ್ರದೇಶವು ಹದಿನೆಂಟನೆಯ ಶತಮಾನದ ದಾಸಕೂಟದ ತವರು. ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು ಚಿಪ್ಪಗಿರಿಯಲ್ಲಿ ನೆಲಸಿದರು. ಮೊಸರಕಲ್ಲಿನ ಗೋಪಾಲದಾಸರು ಉತ್ತನೂರಿನಲ್ಲಿ ನೆಲಸಿದರು. ಬ್ಯಾಗವಟ್ಟಿನ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾಗಿ ಮಾನ್ವಿಯಲ್ಲಿ ಪ್ರಸಿದ್ಧರಾದರು. ಸಂಸ್ಕೃತಪಾಂಡಿತ್ಯದ ಗರ್ವದಿಂದ ಕನ್ನಡದ ಪದಗಳನ್ನು ಹಳಿದ ಆಚಾರ್ಯರು ವ್ಯಾಧಿಪೀಡಿತರಾಗಿ, ಗೋಪಾಲದಾಸರ ಅನುಗ್ರಹದಿಂದ ಚೇತರಿಸಿಕೊಂಡು ಕನ್ನಡಕ್ಕೆ ಶರಣಾದರೆಂದು ಸಂಪ್ರದಾಯವು ಹೇಳುವುದು. ಕಥೆಯ ಐತಿಹಾಸಿಕತೆ ಹೇಗೇ ಇರಲಿ, ಅದರ ತಾತ್ಪರ್ಯವು ಸ್ಪಷ್ಟ: ವಿದ್ವತ್ತು ಜನರ ನಾಲಗೆಗೆ ಇಳಿದಲ್ಲದೆ ಕೂಟವು ಬೆಳೆಯದು.

1800ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಚಿಪ್ಪಗಿರಿಗೆ ಒಬ್ಬ ದೊರೆ, ಮಾನ್ವಿಗೆ ಮತ್ತೊಬ್ಬ ದೊರೆ. ಪದಗಳಿಗೆ ಮಾತ್ರ ಸುಂಕದ ಕಟ್ಟೆಯಿರಲಿಲ್ಲ. ಆರಾಧನೆಗೆ ನಡೆದವರೂ ತಂಬೂರಿ ಹಿಡಿದವರೂ ಆ ಗಡಿಯನ್ನು ಲೆಕ್ಕಿಸದೆ ಹಾಡಿದರು.

ಇಲ್ಲಿ ಆಕ್ಷೇಪವೊಂದುಂಟು. ದಾಸಕೂಟವು ಒಂದು ಮತದ ಕೂಟ. ಅದು ಸಮಸ್ತರ ಮೈತ್ರಿಯಲ್ಲ ಎಂದು. ಆಕ್ಷೇಪದಲ್ಲಿ ಹುರುಳಿದೆ. ‘ಹರಿಕಥಾಮೃತಸಾರ’ವು ಭಾಮಿನಿಯ ನಡೆಯಲ್ಲಿ ಸುಲಭವಾಗಿ ಹಾಡಿಸಿಕೊಂಡರೂ ಅದರ ಶಾಸ್ತ್ರಪರಿಭಾಷೆಯು ವ್ಯಾಖ್ಯಾನವಿಲ್ಲದೆ ಬಿಚ್ಚಿಕೊಳ್ಳದು, ಬಾಗಿಲು ತೆರೆದಿದ್ದರೂ ಹೊಸ್ತಿಲು ಎತ್ತರವಾಗಿದೆ. ಹಾಗಿದ್ದೂ ಮುಸಲ್ಮಾನರಾಗಿ ಹುಟ್ಟಿದ ಬಡೇಸಾಹೇಬ ರಾಮದಾಸರು ರಾಯಚೂರಿನ ಸೀಮೆಯಲ್ಲಿಯೇ ಈ ಪರಂಪರೆಯಲ್ಲಿ ಹಾಡಿದುದನ್ನು ಮರೆಯಲಾಗದು. ರಾಜವಂಶಾವಳಿಯಲ್ಲಿ ಹೊರಗಿನವನು ಸೇರಲಾರನು, ಪದದಲ್ಲಿ ಸೇರಬಲ್ಲನು.

1934ರಲ್ಲಿ ನಿಜಾಮನ ಆಳ್ವಿಕೆಯ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನವು ನೆರೆದಾಗ ಮದರಾಸು ಪ್ರಾಂತದ ಪಂಜೆ ಮಂಗೇಶರಾಯರು ಅಧ್ಯಕ್ಷರಾದುದೂ ಇದಕ್ಕೆ ಅನುಗುಣವೇ. ಅವರ ಕೀರ್ತಿಗೆ ಮುಖ್ಯ ಕಾರಣವು ಮಕ್ಕಳ ಪದ್ಯಗಳೂ ಕಥೆಗಳೂ, ಚಕ್ರವರ್ತಿಗಳ ಚರಿತ್ರೆಯಲ್ಲ.

1956ರಲ್ಲಿ ನಾಡು ಒಂದಾಯಿತು. ಆದರೂ ಚೀಕಲಪರವಿ ಕರ್ನಾಟಕದಲ್ಲಿ, ಚಿಪ್ಪಗಿರಿ ಆಂಧ್ರದಲ್ಲಿ, ಉತ್ತನೂರು ಇಂದು ತೆಲಂಗಾಣದಲ್ಲಿವೆ. ಗತವೈಭವದ ದೃಷ್ಟಿಗೆ ಇದು ನಷ್ಟ. ದಾಸಕೂಟದ ದೃಷ್ಟಿಗೆ ಇದು ಕೂಟದ ವಿಸ್ತಾರ. ಆದುದರಿಂದ ಏಕೀಕರಣದ ಸಾಹಿತ್ಯವನ್ನು ಬೋಧಿಸುವವರು ಸಿಂಹಾಸನಗಳ ಪಕ್ಕದಲ್ಲಿ ತಂಬೂರಿಗೂ ಸ್ಥಾನವನ್ನು ಕೊಡತಕ್ಕದ್ದು.