ಸೆಕ್‌ಎಮ್ ಎಂಬ ಜಾಣ ತಡೆ

ಇ. ಕೋಲೈ ಬ್ಯಾಕ್ಟೀರಿಯಾ ತನ್ನ ಹಲವು ಪ್ರೋಟೀನ್‌ಗಳನ್ನು ಒಳಪೊರೆಯಾಚೆ ಸಾಗಿಸಲೇಬೇಕು. ಎಟಿಪಿ ಬಳಸಿ ಅವನ್ನು ನೂಕುವ ಮೋಟಾರು ಸೆಕ್‌ಎ. ಈ ಮೋಟಾರು ಎಷ್ಟು ಬೇಕೆಂದು ಅಳೆಯುವುದು 170 ಅಮೈನೊ ಆಮ್ಲಗಳ ಪುಟ್ಟ ಸೆಕ್‌ಎಮ್. ಎರಡರ ಸಂದೇಶವೂ ಒಂದೇ ಎಂಆರ್‌ಎನ್‌ಎಯಲ್ಲಿದೆ, ಸೆಕ್‌ಎಮ್‌ನದು ಮೊದಲು.

ತಯಾರಿ ಮುಗಿಯುತ್ತ ಬಂದಾಗ, 166ನೆಯ ಪ್ರೋಲೀನ್ ಬಳಿ, ಸೆಕ್‌ಎಮ್ ತನ್ನನ್ನು ಹೆಣೆಯುತ್ತಿರುವ ರೈಬೋಸೋಮನ್ನೇ ತಡೆದು ನಿಲ್ಲಿಸುತ್ತದೆ. ಸಾಗಣೆ ಸರಾಗವಾಗಿದ್ದರೆ ಪೊರೆಯ ಕಡೆಯ ಸೆಳೆತಕ್ಕೆ ತಡೆ ಬೇಗ ಬಿಡುತ್ತದೆ. ಸಾಗಣೆ ಕುಂಟಿದರೆ ರೈಬೋಸೋಮ್ ಅಲ್ಲೇ ಉಳಿಯುತ್ತದೆ. ಆಗ ಸೆಕ್‌ಎ ಸಂದೇಶದ ಆರಂಭವನ್ನು ಮರೆಮಾಡಿದ್ದ ಎಂಆರ್‌ಎನ್‌ಎಯ ಮಡಿಕೆ ಬಿಚ್ಚಿಕೊಂಡು ಸೆಕ್‌ಎ ಹೆಚ್ಚು ತಯಾರಾಗುತ್ತದೆ. ಆಚೆ ದಾಟಿದ ಸೆಕ್‌ಎಮ್ ಬೇಗನೆ ಚೂರಾಗಿಹೋಗುತ್ತದೆ.

ಸಾಗಬೇಕಾದ ಸರಕನ್ನೇ ಅಳತೆಗೋಲಾಗಿಸಿದ ಈ ಮಿತವ್ಯಯ ಜೀನ್ ನಿಯಂತ್ರಣದ ಅತ್ಯಂತ ಸೊಗಸಾದ ಕೌಶಲಗಳಲ್ಲೊಂದು.