ವಾಟ್, ಹೌ, ಸಾರಿ

ನಮ್ಮ ಪುಟ್ಟ ಬೇಸಿಕ್‌ಗೆ ಈ ವಾರ ಫಾರ್ ಲೂಪ್ ಸೇರಿಸೋಣ ಎಂದು ಮಾತು ಕೊಟ್ಟಿದ್ದೆ. ಅದಕ್ಕೆ ಬೇಕಾದದ್ದು ಒಂದು ಸ್ಟ್ಯಾಕ್ ಅಷ್ಟೇ. ಚರ ಯಾವುದು, ಎಲ್ಲಿಯವರೆಗೆ ಎಣಿಸಬೇಕು, ಎಷ್ಟೆಷ್ಟು ಏರಿಸಬೇಕು, ನೆಕ್ಸ್ಟ್ ಬಂದಾಗ ಎಲ್ಲಿಗೆ ಮರಳಬೇಕು ಎಂಬುದನ್ನು ಅದರಲ್ಲಿಟ್ಟರೆ ಮುಗಿಯಿತು. ಬರೆಯುವ ಮುನ್ನ ಲಿ-ಚೆನ್ ವಾಂಗ್ ಇದನ್ನು ಹೇಗೆ ನಿಭಾಯಿಸಿದ್ದರು ನೋಡೋಣವೆಂದು ಪಾಲೋ ಆಲ್ಟೊ ಟೈನಿ ಬೇಸಿಕ್ ತೆರೆದೆ. ತೆರೆದವನು ಬೇರೆಯೇ ಕಡೆ ಸಿಕ್ಕಿಹಾಕಿಕೊಂಡೆ. ಫಾರ್ ಕಾಯಲಿ.

ಹೊಸ ಓದುಗರಿಗಾಗಿ ಎರಡು ಮಾತು. 1975ರಲ್ಲಿ ಕ್ಯಾಲಿಫೋರ್ನಿಯಾದ ಪೀಪಲ್ಸ್ ಕಂಪ್ಯೂಟರ್ ಕಂಪನಿಯ ಬಾಬ್ ಆಲ್ಬ್ರೆಕ್ಟ್ ಒತ್ತಾಯ ಮಾಡಿ, ಸ್ಟ್ಯಾನ್‌ಫರ್ಡ್‌ನ ಡೆನಿಸ್ ಆಲಿಸನ್ ಅವರಿಂದ ಮಕ್ಕಳಿಗೂ ಹವ್ಯಾಸಿಗಳಿಗೂ ಒಗ್ಗುವ ಬೇಸಿಕ್‌ನ ನಕ್ಷೆ ಬರೆಸಿದರು. 26 ಚರಗಳು, ಪೂರ್ಣಾಂಕ ಮಾತ್ರ, ಫಾರ್ ಇಲ್ಲ. ಇಂಟರ್‌ಪ್ರಿಟರ್ ಕಟ್ಟಿಕೊಳ್ಳುವುದು ಆ ಕಂಪನಿಯ ಪತ್ರಿಕೆಯ ಓದುಗರ ಪಾಲಿಗೆ ಬಿಟ್ಟದ್ದು. ಅವರು ಕಟ್ಟಿ ಕಳಿಸತೊಡಗಿದ ಮೇಲೆ, ಅದನ್ನೆಲ್ಲ ಅಚ್ಚು ಹಾಕಲೆಂದೇ 1976ರ ಜನವರಿಯಲ್ಲಿ ಡಾಕ್ಟರ್ ಡಾಬ್ಸ್ ಜರ್ನಲ್ ಹುಟ್ಟಿತು. ಅದರ ಮೇ ಸಂಚಿಕೆಯಲ್ಲಿ ಬಂದದ್ದು ವಾಂಗ್ ಅವರ ಇಂಟರ್‌ಪ್ರಿಟರ್. ಇಂಟೆಲ್ 8080ಕ್ಕೆ ಬರೆದದ್ದು, ಒಟ್ಟು ಗಾತ್ರ ಎರಡು ಕಿಲೋಬೈಟ್‌ಗೂ ಕಡಿಮೆ. ನಮ್ಮ ಬೇಸಿಕ್ಕನ್ನು ಕಾಸು ಕೊಡದೆ ನಕಲು ಮಾಡುತ್ತಿದ್ದೀರಿ ಎಂದು ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದದ್ದು ಅದೇ ವರ್ಷದ ಫೆಬ್ರುವರಿಯಲ್ಲಿ. ವಾಂಗ್ ತಮ್ಮ ಪ್ರೋಗ್ರಾಂನ ನೆತ್ತಿಯ ಮೇಲೆ ಹಾಕಿಕೊಂಡದ್ದು ‘ಕಾಪಿಲೆಫ್ಟ್, ಆಲ್ ರಾಂಗ್ಸ್ ರಿಸರ್ವ್ಡ್’ ಎಂಬ ಒಕ್ಕಣೆ. ಇರಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ದೋಷ ಸಂದೇಶಗಳು. ಇಡೀ ಭಾಷೆಗೆ ಇರುವುದು ಮೂರೇ: ವಾಟ್, ಹೌ, ಸಾರಿ. ನೀನು ಹೇಳಿದ್ದು ಅರ್ಥವಾಗಲಿಲ್ಲ ಎನ್ನಲು ವಾಟ್. ಅರ್ಥವಾಯಿತು, ಆದರೆ ಮಾಡುವುದು ಹೇಗೆ ಎನ್ನಲು ಹೌ. ಅರ್ಥವೂ ಆಯಿತು, ಮಾಡಲೂ ಗೊತ್ತು, ಮೆಮೊರಿಯಲ್ಲಿ ಜಾಗವಿಲ್ಲ ಎನ್ನಲು ಸಾರಿ. ಇದರ ಜೊತೆಗೆ ತಪ್ಪಿದ ಸಾಲನ್ನು ಪರದೆಗೆ ತಂದು, ತಾನು ಎಡವಿದ ಜಾಗದಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆ ನೆಡುತ್ತದೆ. ಆವರಣ ಮುಚ್ಚಲು ಮರೆತಿರಿ ಎನ್ನಿ:

ವಾಟ್?
30 ಲೆಟ್ ಕ್ಯೂ = (ಎಂ + 7?

ಇಲ್ಲದ ಸಾಲಿಗೆ ಜಿಗಿಯಲು ಹೇಳಿದರೆ:

ಹೌ?
50 ಗೋಟು 75?

ಇಷ್ಟು ಸಾಕಲ್ಲ! ಅದೇ ಕಾಲದ ಆಲ್ಟೇರ್ ಬೇಸಿಕ್ ‘ಎಸ್‌ಎನ್ ಎರರ್’ ಎಂಬ ಎರಡಕ್ಷರದ ಸಂಕೇತ, ಸಾಲಿನ ಸಂಖ್ಯೆ ಇಷ್ಟನ್ನು ಉಗುಳಿ ಸುಮ್ಮನಾಗುತ್ತಿತ್ತು. ನಮ್ಮಲ್ಲಿ ಎಷ್ಟೋ ಮಂದಿ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತ ಜಿಡಬ್ಲ್ಯು-ಬೇಸಿಕ್ ‘ಸಿಂಟ್ಯಾಕ್ಸ್ ಎರರ್ ಇನ್ 30’ ಎಂದು ಪದ ಬಿಡಿಸಿ ಹೇಳುತ್ತಿತ್ತು, ಸಾಲನ್ನೂ ತೋರಿಸುತ್ತಿತ್ತು. ಆ ಸಾಲಿನಲ್ಲಿ ಎಲ್ಲಿ ಎಂದು ಹೇಳುತ್ತಿರಲಿಲ್ಲ. ಮೇಷ್ಟ್ರು ಬಂದು ಹೇಳಬೇಕಿತ್ತು.

ವಾಂಗ್ ಅವರಿಗೆ ಇದು ಸಾಧ್ಯವಾದದ್ದು ಔದಾರ್ಯದಿಂದಲ್ಲ, ಜಿಪುಣತನದಿಂದ. ಆ ಎರಡು ಕಿಲೋಬೈಟ್‌ನಲ್ಲಿ ಪ್ರೋಗ್ರಾಮನ್ನು ಬೇರೆ ರೂಪಕ್ಕೆ ತಿರುಗಿಸಿ ಇಟ್ಟುಕೊಳ್ಳಲು ಜಾಗವೆಲ್ಲಿ? ಹಾಗಾಗಿ ಬಳಕೆದಾರ ಟೈಪಿಸಿದ ಪಠ್ಯವನ್ನೇ ಪ್ರತಿಸಲ ಅಕ್ಷರ ಅಕ್ಷರವಾಗಿ ಓದುತ್ತಾ, ಓದುತ್ತಲೇ ನಡೆಸುವುದು. ಒಂದು ಪಾಯಿಂಟರ್ ಸದಾ ಆ ಪಠ್ಯದ ಮೇಲೆ ಬೆರಳಿಟ್ಟುಕೊಂಡಿರುತ್ತದೆ. ಕೆಟ್ಟಾಗ ಮಾಡಬೇಕಾದದ್ದು, ಸಾಲನ್ನು ಪಾಯಿಂಟರ್‌ವರೆಗೆ ಮುದ್ರಿಸಿ, ಪ್ರಶ್ನಾರ್ಥಕ ಹಾಕಿ, ಉಳಿದದ್ದನ್ನು ಮುದ್ರಿಸುವುದು. ಜಾಗ ಹುಡುಕುವ ಕೆಲಸವೇ ಇಲ್ಲ.

ಇಲ್ಲಿ ನಮ್ಮ ‘ಮರ ಮೊದಲು’ ಪಂಥದವರಿಗೊಂದು ಮಾತು. ಪಾರ್ಸರನ್ನು ಕೈಯಲ್ಲಿ ಬರೆಸಿದ್ದಕ್ಕೆ ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರೊಬ್ಬರು ಆಕ್ಷೇಪಿಸಿ ಬರೆದಿದ್ದಾರೆ: ವ್ಯಾಕರಣ ಕೊಟ್ಟರೆ ಯಾಕ್ ಎಂಬ ಸಾಧನ ತಾನೇ ಪಾರ್ಸರ್ ಹೆಣೆದುಕೊಡುತ್ತದೆ, ಸಿಂಟ್ಯಾಕ್ಸ್ ಟ್ರೀ ಕಟ್ಟಿಕೊಂಡು ಆಮೇಲೆ ನಡೆಸುವುದು ಶಾಸ್ತ್ರೋಕ್ತ. ಒಪ್ಪಿದೆ ಸ್ವಾಮಿ, ದೊಡ್ಡ ಭಾಷೆಗೆ ಅದೇ ಸರಿ. ಹತ್ತು ಆಜ್ಞೆಗಳ ಭಾಷೆಗೆ ಅದು ಬೆಟ್ಟ ಅಗೆದು ಇಲಿ ಹಿಡಿದಂತೆ. ಹಿಡಿದ ಇಲಿಯಾದರೂ ಏನು ಹೇಳುತ್ತದೆ? ಯಾಕ್ ತಾನಾಗಿ ಕೊಡುವ ಸಂದೇಶ ‘ಸಿಂಟ್ಯಾಕ್ಸ್ ಎರರ್’, ಅಷ್ಟೇ. ಮರ ಕಟ್ಟುವಾಗ ಪ್ರತಿ ಕೊಂಬೆಗೂ ಸಾಲು, ಅಕ್ಷರದ ಲೆಕ್ಕ ಅಂಟಿಸದಿದ್ದರೆ, ಸೊನ್ನೆಯಿಂದ ಭಾಗಿಸಿದ ಹೊತ್ತಿಗೆ ಅದು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿರುವುದಿಲ್ಲ. ಕಲಿಕೆಗೆಂದು ಬರೆದ ಇಂಟರ್‌ಪ್ರಿಟರ್‌ಗಳಲ್ಲಿ ಮೊದಲು ಬಿಟ್ಟುಹೋಗುವುದು ಇದೇ ಅಂಟಿಸುವ ಕೆಲಸ.

ದೊಡ್ಡವರ ಕಥೆಯೂ ಬೇರೆಯಲ್ಲ. ಪೈಥಾನ್‌ನಲ್ಲಿ ಆವರಣ ಮುಚ್ಚದೆ ಬಿಟ್ಟರೆ ಎಷ್ಟೋ ವರ್ಷ ಅದು ಯಾವ ತಪ್ಪೂ ಇಲ್ಲದ ಮುಂದಿನ ಸಾಲಿನತ್ತ ಬೆರಳು ಮಾಡುತ್ತಿತ್ತು. ಕಲಿಯುವವರು ಆ ಸಾಲನ್ನು ತಿದ್ದಿ ತಿದ್ದಿ ಹೈರಾಣಾಗುತ್ತಿದ್ದರು. ತೆರೆದ ಆವರಣ ಮುಚ್ಚಿಲ್ಲ ಎಂದು ನೇರವಾಗಿ ಹೇಳಲು ಅದು ಕಲಿತದ್ದು 3.10ನೇ ಆವೃತ್ತಿಯಲ್ಲಿ, 2021ರಲ್ಲಿ.

ವಾಂಗ್ ದಾರಿಗೂ ದಂಡ ಇದೆ. ಲೂಪ್ ಸಾವಿರ ಸಲ ಸುತ್ತಿದರೆ ಅದೇ ಅಕ್ಷರಗಳನ್ನು ಸಾವಿರ ಸಲ ಓದಬೇಕು. 900ನೇ ಸಾಲಿನ ತಪ್ಪು ಅಲ್ಲಿಗೆ ಹೋಗಿ ಮುಟ್ಟುವವರೆಗೆ ಗೊತ್ತಾಗುವುದಿಲ್ಲ. ಮುಟ್ಟದಿದ್ದರೆ ಗೊತ್ತಾಗುವುದೇ ಇಲ್ಲ. ಹೊಸಬರ ಇಪ್ಪತ್ತು ಸಾಲಿನ ಪ್ರೋಗ್ರಾಂಗೆ ಇವೆರಡೂ ನನ್ನ ಲೆಕ್ಕದಲ್ಲಿ ದೊಡ್ಡ ತೊಂದರೆಯಲ್ಲ.

ಆದ್ದರಿಂದ ಈ ವಾರದ ಕೆಲಸ ಬೇರೆ. ನಿಮ್ಮ ಕೋಡ್‌ನಲ್ಲಿ ‘ಎರರ್’ ಎಂದು ಬರೆದಿರುವ ಕಡೆಯೆಲ್ಲ ನಿಂತು, ಇದು ಮೂರರಲ್ಲಿ ಯಾವುದು ಎಂದು ಕೇಳಿಕೊಳ್ಳಿ. ಪಾರ್ಸರ್‌ನಿಂದ ಬಂದದ್ದು ವಾಟ್, ಲೆಕ್ಕ ಮಾಡುವಾಗ ಬಂದದ್ದು ಹೌ. ಯಾವುದಕ್ಕೂ ಸೇರದ್ದೊಂದು ಉಳಿದರೆ ಅದು ಬಳಕೆದಾರನ ತಪ್ಪಲ್ಲ, ನಿಮ್ಮ ಬಗ್. ಆಮೇಲೆ 32767ಕ್ಕೆ 1 ಕೂಡಿಸಿ ನೋಡಿ. 16 ಬಿಟ್‌ನ ಚರ ಬಳಸಿದವರಿಗೆ ಮೈನಸ್ 32768 ಬರಬಹುದು, ಪೈಥಾನ್‌ನಲ್ಲಿ ಬರೆದವರಿಗೆ 32768. ಎರಡೂ ಸಲ್ಲದು, ಅಲ್ಲಿ ಹೌ ಬರಬೇಕು. ಅದು ಬಂದವರು ಮುಂದಿನ ವಾರ ಫಾರ್‌ಗೆ ಬನ್ನಿ.