ಚೊಗರಿನ ಜುಬ್ಬಾ, ಕತ್ತರಿಯ ಲೆಕ್ಕ

ಪರಿಸರಸ್ನೇಹಿ ಫ್ಯಾಷನ್ ಎಂದೊಡನೆ ಗೋಣಿತಾಟು ಸುತ್ತಿಕೊಂಡು ರ್‍ಯಾಂಪಿನ ಮೇಲೆ ನಡೆಯುವ ರೂಪದರ್ಶಿಯೇ ಕಣ್ಣ ಮುಂದೆ ಬರುತ್ತಾಳೆ. ಚಪ್ಪಾಳೆ ಬೀಳುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆ ಉಡುಪು ತೊಟ್ಟು ಸಿಟಿ ಬಸ್ಸು ಹತ್ತುವವರು ಮಾತ್ರ ಯಾರೂ ಸಿಗುವುದಿಲ್ಲ. ತೊಡಲಾಗದ ಬಟ್ಟೆ ಎಷ್ಟೇ ಸಾತ್ವಿಕವಾಗಿರಲಿ, ಕೊನೆಗೆ ಬೀರುವಿನಲ್ಲಿ ಕೊಳೆಯುವ ಸರಕು.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿರುವ ‘ಚರಕ’. ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ಈ ಸಹಕಾರ ಸಂಘದಲ್ಲಿ ದುಡಿಯುವವರು ಬಹುಪಾಲು ಹಳ್ಳಿಯ ಹೆಣ್ಣುಮಕ್ಕಳು. ಅವರ ಕೈಮಗ್ಗದ ಬಟ್ಟೆ ‘ದೇಸಿ’ ಅಂಗಡಿಗಳಲ್ಲಿ ಜುಬ್ಬಾ, ಕುರ್ತಾ, ಸೀರೆಗಳಾಗಿ ಮಾರಾಟವಾಗುತ್ತದೆ. ಸಾಹಿತ್ಯ ಗೋಷ್ಠಿಗೆ ಹೋದರೆ ಅರ್ಧ ವೇದಿಕೆ ಇದೇ ಜುಬ್ಬಾದಲ್ಲಿ ಕೂತಿರುತ್ತದೆ ಎಂದು ನಗುವವರಿದ್ದಾರೆ. ನಗಲಿ. ಜನ ಒಗೆದು, ಒಣಗಿಸಿ, ಮತ್ತೆ ಮತ್ತೆ ತೊಡುತ್ತಿದ್ದಾರೆ ಎಂಬುದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ವಿನ್ಯಾಸಕ್ಕೂ ಬೇಕಿಲ್ಲ.

ಇಲ್ಲಿನ ನಿಜವಾದ ಸೊಗಸಿರುವುದು ಬಣ್ಣದಲ್ಲಿ. ಮಲೆನಾಡಿನಲ್ಲಿ ಎಳೆ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಮಂದವಾದ ಕೆಂಗಂದು ರಸವೇ ಚೊಗರು. ಬಿಳಿ ಪಂಚೆಯ ಮೇಲೆ ಬಿದ್ದ ಎಲೆಅಡಿಕೆ ಕಲೆ ಸುಲಭಕ್ಕೆ ಹೋಗದು ಎಂಬುದು ಆ ಕಡೆಯ ಪ್ರತಿ ಮನೆಗೂ ಗೊತ್ತು. ಆ ಹಟಮಾರಿತನವೇ ಇಲ್ಲಿ ಕಸುಬಾಗಿದೆ. ಒಗರು ಕೊಡುವ ಟ್ಯಾನಿನ್ ಅಂಶದಿಂದಾಗಿ ಚೊಗರು ನೂಲಿಗೆ ಕಚ್ಚುತ್ತದೆ. ಆದರೂ ಹತ್ತಿ ತಾನಾಗಿ ಬಣ್ಣಕ್ಕೆ ಒಲಿಯುವ ನಾರಲ್ಲ. ಮೊದಲು ಅದರ ಜಿಡ್ಡು ಹೋಗುವಂತೆ ತೊಳೆಯಬೇಕು, ಪಟಿಕದ ನೀರಿನ ಆಸರೆ ಕೊಡಬೇಕು. ಅದೇ ಚೊಗರಿಗೆ ಕಬ್ಬಿಣದ ಅಂಶ ತಾಗಿದರೆ ಕೆಂಗಂದು ಹೋಗಿ ಬೂದು, ಕಪ್ಪು ಬರುತ್ತದೆ. ದಾಳಿಂಬೆ ಸಿಪ್ಪೆ ಹಳದಿ ಕೊಡುತ್ತದೆ, ನೀಲಿಗಿಡ ನೀಲಿ. ಹಳದಿ ನೂಲನ್ನು ನೀಲಿಯಲ್ಲಿ ಅದ್ದಿದರೆ ಹಸಿರು.

ವಿನ್ಯಾಸಕರು ಕಾಗದದ ಮೇಲೆ ಚಿತ್ರ ಬರೆಯುವ ಮೊದಲು ಈ ಹಂಡೆಗಳ ಮುಂದೆ ನಿಲ್ಲಬೇಕು. ಸಿಗುವ ಬಣ್ಣ ಕೆಲವೇ ಆದರೂ ಒಂದಕ್ಕೊಂದು ನೆಂಟಸ್ತಿಕೆ ಇರುವಂಥವು. ಈ ಕುರ್ತಾಕ್ಕೆ ಆ ಪೈಜಾಮ, ಆ ಸೀರೆಗೆ ಈ ರವಿಕೆ ಎಂದು ಅದಲು ಬದಲು ಮಾಡಿ ತೊಡಬಹುದು. ಆದರೆ ಒಂದು ಹಂಡೆಯ ಕಂದು ಇನ್ನೊಂದರ ಹಾಗೆ ಇರುವುದಿಲ್ಲ. ಹಾಗಾಗಿ ಒಂದು ಉಡುಪಿನ ಮುಖ್ಯ ಭಾಗಗಳನ್ನೆಲ್ಲ ಒಂದೇ ಥಾನಿನಿಂದ ಕತ್ತರಿಸುವುದು ಒಳ್ಳೆಯದು. ಇಲ್ಲವೇ ತೋಳು, ಕೊರಳಪಟ್ಟಿಗೆ ಬೇಕೆಂದೇ ಬೇರೆ ಛಾಯೆ ಹಾಕಿ ವ್ಯತ್ಯಾಸವನ್ನೇ ಅಂದ ಮಾಡಿಕೊಳ್ಳಬೇಕು.

ಸಸ್ಯದ ಬಣ್ಣ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೈಮುಗಿಯಬೇಕಿಲ್ಲ. ಬಣ್ಣ ಗಟ್ಟಿಯಾಗಲೆಂದು ಕೆಲವೆಡೆ ತಾಮ್ರ, ಕ್ರೋಮಿಯಂ ಲವಣ ಬಳಸುವುದುಂಟು. ಆ ನೀರು ಹೊಳೆ ಸೇರಿದರೆ ಪರಿಸರಸ್ನೇಹದ ಮಾತೇ ಸುಳ್ಳಾಗುತ್ತದೆ.

ಇನ್ನು ಕತ್ತರಿ. ಹೊಲಿದ ಉಡುಪಿಗಾಗಿ ಕತ್ತರಿಸುವಾಗ ಬಟ್ಟೆಯ ಸುಮಾರು ಶೇ 15ರಷ್ಟು ಚೂರಾಗಿ ಹೋಗುತ್ತದೆಂಬುದು ಸಾಮಾನ್ಯ ಅಂದಾಜು. ಸೀರೆ, ಪಂಚೆಗೆ ಆ ಗೊಡವೆಯೇ ಇಲ್ಲ. ಹಳೆಯ ಜುಬ್ಬಾದ ಕಟ್ಟಿಂಗ್ ಕೂಡ ಜಾಣತನದ್ದು: ಮೈಭಾಗ ನೇರ ಪಟ್ಟಿ, ಪಕ್ಕಕ್ಕೆ ಓರೆ ತುಂಡು, ಕಂಕುಳಿಗೊಂದು ಪುಟ್ಟ ಚೌಕ. ಆ ಚೌಕ ಇದ್ದರೆ ಕೈ ಮೇಲೆತ್ತಿದಾಗ ಬಟ್ಟೆ ಜಗ್ಗುವುದಿಲ್ಲ. ಎಷ್ಟೋ ದುಬಾರಿ ಕುರ್ತಾಗಳಲ್ಲಿ ಈಗ ಅದೇ ಮಾಯ! ಕೈಮಗ್ಗದ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುವುದರಿಂದ ನೆನೆಸಿ ಒಣಗಿಸಿದ ಮೇಲಷ್ಟೇ ಅಳತೆ ಹಿಡಿಯಬೇಕು. ಹೆಂಗಸರ ಉಡುಪಿಗೂ ಮೊಬೈಲು ಹಿಡಿಸುವ ಜೇಬು ಬೇಕು. ಇದನ್ನು 21ನೇ ಶತಮಾನದಲ್ಲೂ ಹೇಳಬೇಕಾಗಿದೆ. ಉಳಿದ ಚೂರುಗಳಿಗೆ ಕೌದಿ ಇದ್ದೇ ಇದೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳ ಬಣ್ಣಗಾರಿಕೆಯನ್ನು ಯಾವ ಫ್ಯಾಷನ್ ಕಾಲೇಜೂ ಕಲಿಸಿದ್ದಲ್ಲ.

ಗುಳೇದಗುಡ್ಡದ ಖಣವನ್ನು ಜಾಕೆಟ್ಟು, ಲಂಗಗಳಿಗೆ ಬಳಸುವ ಹುಮ್ಮಸ್ಸು ಈಚೆಗೆ ಜೋರಾಗಿದೆ. ರವಿಕೆಗೆಂದೇ ನೇಯ್ದದ್ದರಿಂದ ಅದರ ಅಗಲ ಕಿರಿದು, ತುಂಡು ಜೋಡಿಸುವ ಲೆಕ್ಕ ಗೊತ್ತಿದ್ದವರಿಗಷ್ಟೇ ಒಲಿಯುತ್ತದೆ. ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಹಿಂದೆ ರೇಷ್ಮೆ, ಹತ್ತಿ ಇದ್ದ ಹಾಸು ಹೊಕ್ಕಿನಲ್ಲಿ ಈಗ ಪಾಲಿಯೆಸ್ಟರ್ ನುಸುಳಿರುವುದುಂಟು. ಅಂಚಿನಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿದರೆ ಗೊತ್ತಾಗುತ್ತದೆ: ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಲೆಕ್ಕ ತಪ್ಪುವುದು ಮಾರಾಟದಲ್ಲಿ. 2020ರಲ್ಲಿ, ಕೋವಿಡ್ ಕಾಲದಲ್ಲಿ, ಚರಕವೇ ತಾನು ದಿವಾಳಿಯಾಗಿದ್ದೇನೆಂದು ಸಾರಬೇಕಾಯಿತು. ಕೈಮಗ್ಗ ಉಳಿಯಲು ಕೊನೆಗಳಿಗೆಯ ಖರೀದಿ ಸಾಲದು, ಮುಂಗಡ ಬೇಡಿಕೆ ಬೇಕು: ಬಣ್ಣ ಹಾಕಿದ ನೂಲು ಮಲೆನಾಡಿನ ಮಳೆಯಲ್ಲಿ ಬೇಗ ಒಣಗುವುದಿಲ್ಲ, ಮಗ್ಗವೂ ಅವಸರಕ್ಕೆ ಓಡುವುದಿಲ್ಲ. ದೀಪಾವಳಿಯ ಕಲೆಕ್ಷನ್ನಿಗೆ ಬಟ್ಟೆ ಬೇಕೆನ್ನುವ ವಿನ್ಯಾಸಕರು ಬೇಸಿಗೆಯಲ್ಲೇ ಮುಂಗಡ ಕೊಟ್ಟು ಆರ್ಡರ್ ಬರೆಸಬೇಕು.